ಎಂಟು ಎತ್ತುಗಳ ಬಾಬ್ತು

ಹೆರೆಫರ್ಡ್ ಸೀಮೆ, ವೇಲ್ಸ್ ಗಡಿ. ಜನವರಿ 1308

ಬರೆದುಕೋ ಗುಮಾಸ್ತ, ಮಸಿ ಹೆಪ್ಪುಗಟ್ಟುವ ಮೊದಲು.
ಕುಡಿಕೆಯನ್ನು ಒಲೆದಂಡೆಗಿಡು, ಹಾಲಿನ ಪಕ್ಕ ಬೇಡ.

ಉತ್ತರದ ಕಣಜ: ಓಟ್ಸ್, ಹದಿನಾರು ಖಂಡುಗ,
ಇಲಿಗಳ ಪಾಲು ಕಳೆದು.
ನೇಗಿಲು ಎರಡು; ಒಂದರ ಕುಳ ಸವೆದಿದೆ.
ಕುರಿ ಇನ್ನೂರ ಹನ್ನೊಂದು,
ಕಜ್ಜಿ ಹತ್ತಿದವು ಬೇರೆ ದೊಡ್ಡಿಯಲ್ಲಿ.
ಗುಡಿಯೊಳಗೆ ಬೆಳ್ಳಿ ಬಟ್ಟಲು ಒಂದು, ಸೊಟ್ಟಗಾದದ್ದು.
ಕತ್ತಿ?
ಒಂದಿತ್ತು. ಹಂದಿ ಕೊಯ್ಯುವ ದಿನ ಹೊರಬರುತ್ತಿತ್ತು.

ನಿನ್ನ ಜತೆಯವರು ನೆಲ ಅಗೆಯುತ್ತಿದ್ದಾರೆ. ಅಗೆಯಲಿ.
ಜೆರೂಸಲೇಮಿನ ಚಿನ್ನ ಇಲ್ಲಿದೆಯೆಂದು
ಪೇಟೆಯಲ್ಲಿ ಯಾರೋ ಅಂದರಂತೆ.
ಹನ್ನೆರಡು ವರ್ಷದಿಂದ ಇಲ್ಲಿ ಹಾಲು ಕರೆಯುತ್ತೇನೆ,
ಹಳದಿ ಅಂದರೆ ಬೆಣ್ಣೆ, ಬೇರೇನೂ ಕಂಡಿಲ್ಲ.

ಈ ಊರಿಗೆ ಮೊದಲು ಕೋಯ್ಡ್ ಎಂದಷ್ಟೇ ಹೆಸರು.
ನಮ್ಮ ಮಾತಿನಲ್ಲಿ, ಕಾಡು.
ದೊರೆ ಅದನ್ನು ಬಿಳಿ ನಿಲುವಂಗಿಯವರಿಗೆ ಧಾರೆಯೆರೆದನಂತೆ,
ಸೂರ್ಯಚಂದ್ರರಿರುವ ತನಕ,
ಮರ ನೀರು ಮೀನು ಜೇನು
ಮತ್ತು ನನ್ನ ಮುತ್ತಜ್ಜನ ಸಮೇತ.
ಅವರು ಕೊಡಲಿ ತಂದರು,
ಓಕ್ ಮರಗಳನ್ನುರುಳಿಸಿ ಬೇರು ಸುಟ್ಟರು,
ಆ ಬೂದಿಯಲ್ಲೇ ಮೊದಲ ಬೆಳೆ.
ಕಾಡು ಹೋಯಿತು, ಹೆಸರು ಹೋಗಲಿಲ್ಲ.
ಅದರ ತಲೆಗೆ ಟೆಂಪಲ್ ಎಂಬ ಟೊಪ್ಪಿ ಇಟ್ಟರು.

ಸುಳ್ಳಾಡಬಾರದು.
ಗಡಿಯಾಚೆಯ ನಮ್ಮವರೇ ದನ ಹೊಡೆಯಲು ಬಂದ ರಾತ್ರಿ
ಗೋಪುರದ ಬಾಗಿಲು ತೆರೆದು ನಮ್ಮನ್ನೂ ಒಳಗೆ ಸೇರಿಸಿಕೊಂಡರು.
ಬೆಳಗಾಗುತ್ತಲೇ ಬಿಟ್ಟಿ ಉಳುಮೆಗೆ ಹೆಸರು ಕೂಗಿದರು.

ಸೋದರರು ಎಷ್ಟು ಮಂದಿ ಎಂದೆಯಾ?
ಇಬ್ಬರು. ಇದೇ ನಿಮ್ಮ ದಂಡು.
ಎವೆರಾರ್ಡ್, ಗೇಣಿ ವಸೂಲಿಯವ,
ಕಡಲನ್ನೇ ಕಂಡವನಲ್ಲ.
ಇನ್ನೊಬ್ಬ ಓಸ್ಬರ್ಟ್.
ಏಕರ್ ಎಂಬ ಕಡಲೂರನ್ನು ಸೋತು ಬಂದು
ಇಲ್ಲಿ ಎಕರೆ ಎಣಿಸಿದವ.
ಒಂದು ಮೊಣಕಾಲು ಅಲ್ಲೇ ಬಿಟ್ಟು
ಉಳಿದದ್ದನ್ನು ನಮ್ಮ ಕೆಸರಿಗೆ ತಂದವ.
ಯುದ್ಧದ ಕಥೆ ಕೇಳಿದರೆ
ನಿಂಬೆ ಹೂವಿನ ವಾಸನೆ ಹೇಳುತ್ತಿದ್ದ.
ಎತ್ತು ಹೊಡೆಯುವುದೂ ಆ ಕಡೆಯ ಮಾತಿನಲ್ಲೇ:
ಯಲ್ಲಾ, ಯಲ್ಲಾ.
ಕರುವಾಗಿದ್ದಾಗಿನಿಂದ ಅವು ಬೇರೆ ಭಾಷೆ ಕೇಳಿಲ್ಲ.

ಮೊನ್ನೆ ನಸುಕಿನಲ್ಲಿ ಅವನ ಕೈಕಟ್ಟಿ ಗಾಡಿಗೇರಿಸಿದರು.
ಶಿಲುಬೆಗೆ ಉಗುಳಿದೆಯಂತೆ, ಹೌದಾ ಎಂದರು.
ಅವನು ನನ್ನ ಕಡೆ ತಿರುಗಿ
ಕೆಂದನ ಗೊರಸು ಬಿರಿದಿದೆ, ಕೊಬ್ಬು ಹಚ್ಚು, ಎಂದ.

ಏನದು ಸದ್ದು? ಸಿಕ್ಕಿತೇ?
ಹಾಲುಮನೆಯ ಹೊಸ್ತಿಲು ಮಗುಚಿದ್ದಾರೆ.
ಕೆಳಮೈಯಲ್ಲಿ ಕೆತ್ತನೆ. ಮಣ್ಣೊರೆಸು,
ನೀನು ಓದಬಲ್ಲವನಲ್ಲವೇ.
ಬರುವುದಿಲ್ಲವೇ? ನಮ್ಮ ಮಾತು ಅದು.
ನನಗೂ ಅಕ್ಷರ ಬಾರದು.
ಆದರೆ ಮೂರು ಗೆರೆ, ಅದರಡಿ ಒಂದು ಮೀನು,
ಅಜ್ಜಿ ನನ್ನ ಅಂಗೈಯಲ್ಲಿ ಬೆರಳಾಡಿಸಿ ಬಿಡಿಸುತ್ತಿದ್ದ ಗುರುತು:
ಇಲ್ಲಿಂದ ಹೊಳೆಯ ತನಕ ನಮ್ಮದು.
ದಿನಕ್ಕೆ ನಲವತ್ತು ಸಲ
ತಲೆಯ ಮೇಲೆ ಅವರ ಗಡಿಗೆ,
ಕಾಲಡಿಯಲ್ಲಿ ನಮ್ಮ ಗಡಿ.

ಯಾವ ಬಾಬ್ತಿಗೆ ಹಾಕುತ್ತೀ ಇದನ್ನು?
ಕಲ್ಲು, ಒಂದು. ಬೆಲೆಯಿಲ್ಲ.
ಸರಿ.

ಮುಂದೆ ಯಾರ ನಿಲುವಂಗಿಯೋ, ಯಾವ ಬಣ್ಣವೋ.
ಸೋಮವಾರ ಯಾವ ಹೊಲ ಎಂದು ಅವರೇ ಬಂದು ಹೇಳುತ್ತಾರೆ.

ಕೊನೆಯದು: ಎತ್ತು, ಎಂಟು.
ಅಗೋ ನಿನ್ನ ಕಡೆಯವ ಬೆಳಗಿನಿಂದ ಚಾವಟಿ ಬೀಸುತ್ತಿದ್ದಾನೆ,
ಹೆರೆಫರ್ಡಿಗೆ ಹೊಡೆದುಕೊಂಡು ಹೋಗಬೇಕಂತೆ.
ಹಿಮದಲ್ಲಿ ಹಬೆಯುಸಿರು ಬಿಡುತ್ತಾ ನಿಂತಿವೆ,
ಒಂದೂ ಕದಲಿಲ್ಲ.
ಯಾವ ಮಾತಿಗೆ ಏಳುತ್ತವೆ ಎಂಬುದು
ನಿನ್ನ ಪಟ್ಟಿಯಲ್ಲಿಲ್ಲ, ಅವನೂ ಕೇಳಲಿಲ್ಲ.

ನನ್ನ ಹೆಸರೇ? ಗ್ವೆರ್ವಿಲ್.
ಸರಿದುಕೋ, ಗಿಣ್ಣು ಮಗುಚಬೇಕು.